ಅಕ್ಕನ ಕಿಟಕಿಗೆ ಕಟ್ಟಿದ ಬಲೆ

ಹಲಸೂರಿನ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಶಟಲ್ ಆಡುತ್ತಾರೆ. ಅದಕ್ಕೆಂದು ಮೈದಾನವೇನೂ ಇಲ್ಲ. ಇರುವುದು ಎರಡು ಸಾಲು ಮನೆಗಳ ನಡುವಿನ ಕಿರಿದಾದ ಸಿಮೆಂಟು ರಸ್ತೆ, ಅದಕ್ಕೆ ಅಡ್ಡಲಾಗಿ ಒಂದು ಹಳೆಯ ಬಲೆ. ನಾನು ಹೇಳಹೊರಟಿರುವ ಘಟನೆ ನಡೆಯುವವರೆಗೆ ಆ ಬಲೆಯ ಒಂದು ತುದಿ ಎದುರುಮನೆಯ ಟೈಲರ್ ಹೆಂಗಸಿನ ಕಿಟಕಿಯ ಸರಳಿಗೂ ಇನ್ನೊಂದು ತುದಿ ನಮ್ಮ ಗೇಟಿನ ಪಕ್ಕದ ವಿದ್ಯುತ್ ಕಂಬಕ್ಕೂ ಕಟ್ಟಿರುತ್ತಿತ್ತು. ವಾಹನ ಬಂದರೆ ಯಾರಾದರೊಬ್ಬರು "ಗಾಡಿ!" ಎಂದು ಕೂಗುತ್ತಾರೆ. ಗೋಡೆಗೆ ಒರಗಿಸಿಟ್ಟ ಬಿದಿರುಗಳಿಂದ ಎರಡೂ ಕಡೆಯವರು ಬಲೆಯನ್ನು ಮೇಲೆತ್ತುತ್ತಾರೆ. ಹಾಲಿನ ಟೆಂಪೋ, ಹೂವಿನ ಹಾರ ಕಟ್ಟಿಕೊಂಡು ಹೋಗುವ ಮದುವೆಯ ಕಾರು, ಏನಿದ್ದರೂ ಅದರ ಕೆಳಗೆ ತೂರಿ ಹೋಗುತ್ತದೆ, ಬಲೆ ಇಳಿಯುತ್ತದೆ, ನಿಂತುಹೋದ ಪಾಯಿಂಟನ್ನು ಮೊದಲಿನಿಂದ ಆಡುತ್ತಾರೆ. ಟೈಲರ್ ಹೆಂಗಸಿನ ಮನೆಮುಂದಿನ ರಂಗೋಲಿ ಆಟದ ಅಂಕಣದೊಳಕ್ಕೇ ಚಾಚಿಕೊಂಡಿರುವುದರಿಂದ ಅದರ ಮೇಲೆ ಬಿದ್ದ ಕಾಕ್ ಔಟು. ಹೊಡೆಯುವ ನೆಪದಲ್ಲಿ ರಂಗೋಲಿ ತುಳಿಯುವಂತಿಲ್ಲ. ಈ ನಿಯಮಗಳನ್ನು ಯಾರು ಮಾಡಿದರೋ ತಿಳಿಯದು. ಮುರಿದವರನ್ನು ನಾನು ಕಂಡಿಲ್ಲ.

ಈ ಆಟದ ಚಿತ್ರ ತೆಗೆಯುವುದು ನನಗೆ ಔಷಧಿ. ಇದು ಅಲಂಕಾರದ ಮಾತಲ್ಲ. ನನ್ನೊಂದಿಗಿರುವ ನನ್ನ ಅಕ್ಕ ಒಂದು ಕಾಲದಲ್ಲಿ ದಂಡು ಪ್ರದೇಶದ ದೂರವಾಣಿ ವಿನಿಮಯ ಕೇಂದ್ರದಲ್ಲಿ ಆಪರೇಟರ್ ಆಗಿದ್ದವಳು. ನೂರಾರು ಮನೆಗಳ ಸಂಖ್ಯೆಗಳನ್ನು ಬಾಯಲ್ಲೇ ಹೇಳುತ್ತಿದ್ದಳು. ಈಗ ಆಕೆಗೆ ಹಿಂದಿನ ಕ್ಷಣವೂ ನೆನಪಿರುವುದಿಲ್ಲ. "ಗ್ಯಾಸ್ ಆಫ್ ಮಾಡಿದ್ಯೇನೇ?" ಎಂದು ಕೇಳುತ್ತಾಳೆ. ಮಾಡಿದ್ದೇನೆ ಎನ್ನುತ್ತೇನೆ. ಸಮಾಧಾನಗೊಂಡು ತಲೆಯಾಡಿಸುತ್ತಾಳೆ, ನಾನು ಹಿಂದಿರುಗಿ ಕುಳಿತುಕೊಳ್ಳುವಷ್ಟರಲ್ಲಿ ಮತ್ತೆ ಅದನ್ನೇ, ಅದೇ ಹೊಸ ಆತಂಕದಿಂದ, ಕೇಳುತ್ತಾಳೆ. ಬೆಳಗಿನಿಂದ ಮಲಗುವವರೆಗೂ ಹೀಗೆ. ನನ್ನ ರಕ್ತದೊತ್ತಡ ಏರಿದಾಗ ವೈದ್ಯೆ ಮಾತ್ರೆಯ ಜೊತೆಗೆ ಇನ್ನೊಂದನ್ನೂ ಬರೆದರು: ದಿನಕ್ಕೆ ಒಂದು ಗಂಟೆ ನಿಮ್ಮದಾಗಿರಲಿ. ಬೆಳಗ್ಗೆ ಸಹಾಯಕ್ಕೆ ಬರುವ ಹೆಂಗಸು ಅಕ್ಕನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ತಿಂಡಿ ತಿನ್ನಿಸುವ ಹೊತ್ತೇ ಆ ಗಂಟೆ. ಆ ಹೊತ್ತಿಗೇ ಬೀದಿಯಲ್ಲಿ ಆಟ.

ಕ್ಯಾಮೆರಾ ಕೊಟ್ಟವನು ಅಣ್ಣನ ಮಗ. "ಹಳೇದಾಯ್ತು ಅತ್ತೆ, ಬಿಸಾಕೋ ಬದ್ಲು ನಿಮಗೆ ಕೊಡೋಣ ಅನ್ನಿಸ್ತು" ಎಂದು ಕೊಟ್ಟ. ಆ ವಾಕ್ಯವನ್ನು ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ, ಕ್ಯಾಮೆರಾವನ್ನೂ. ನಾನು ಕೆಲಸ ಮಾಡಿದ್ದು ನಕ್ಷೆಗಳ ಕಚೇರಿಯಲ್ಲಿ. ನಾನೆಳೆದ ನಕ್ಷೆಗಳ ಕೆಳಗೆ ಬೇರೆಯವರು ಸಹಿ ಹಾಕುತ್ತಿದ್ದರು. ಗೆರೆ ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲಬೇಕೆಂಬ ಶಿಸ್ತು ಬೆರಳುಗಳಲ್ಲಿ ಉಳಿದಿತ್ತು. ಸ್ಪಷ್ಟವಾಗಿರದ ಚಿತ್ರವನ್ನು ನಾನು ಚಿತ್ರವೆಂದು ಒಪ್ಪುವುದಿಲ್ಲ.

ಕಾಕ್ ಮೇಲೇರಿ, ಇಳಿಯುವುದಕ್ಕೆ ಮುನ್ನ ಆಕಾಶದಲ್ಲಿ ಒಂದು ಕ್ಷಣ ಅನುಮಾನಿಸುತ್ತದೆ. ಆ ಕ್ಷಣಕ್ಕಾಗಿ ಕಾಯುವಾಗ ನನ್ನ ಉಸಿರು ತಾನಾಗಿ ನಿಲ್ಲುತ್ತದೆ. ನಿಂತ ಉಸಿರು ಹೊರಬಂದಾಗ ಅದರೊಡನೆ ಇನ್ನೂ ಏನೇನೋ ಹೊರಬೀಳುತ್ತದೆ. ಕೊರಳಿನ ಅಳತೆ ಟೇಪನ್ನು ತೆಗೆಯಲು ಮರೆತು ನೆಗೆದ ಟೈಲರ್ ಹೆಂಗಸು, ಕೇಬಲ್ ತಂತಿಗಳ ನಡುವೆ ಕಾಕ್ ಹುಡುಕುತ್ತ ಬಾಯಿ ತೆರೆದು ನಿಂತವರ ಸಾಲು, ಎತ್ತಿದ ಬಲೆಯ ಕೆಳಗೆ ಸ್ವಾಗತ ಕಮಾನಿನಡಿ ಬರುವ ಗಣ್ಯರಂತೆ ಬಿಗುಮಾನದಿಂದ ಸಾಗುವ ಹಾಲಿನ ಟೆಂಪೋದವನು: ಇವರನ್ನು ತೆಗೆದ ಮೇಲೆ "ಗ್ಯಾಸ್ ಆಫ್ ಮಾಡಿದ್ಯಾ" ಎಂಬ ಪ್ರಶ್ನೆಗೆ ಮಧ್ಯಾಹ್ನದವರೆಗೂ ಮೆದುವಾಗಿ ಉತ್ತರಿಸುವುದು ನನಗೆ ಸಾಧ್ಯವಾಗುತ್ತಿತ್ತು.

ಒಮ್ಮೆ ಇಂದಿರಾನಗರದಲ್ಲಿ ಛಾಯಾಚಿತ್ರ ಹವ್ಯಾಸಿಗಳ ಕೂಟಕ್ಕೂ ಹೋಗಿದ್ದೆ. ಅಲ್ಲಿನ ಕಿರಿಯ ತೀರ್ಪುಗಾರ ನನ್ನ ಚಿತ್ರಗಳನ್ನು ಬೆರಳಿನಿಂದ ಸರಸರನೆ ತಳ್ಳಿ, "ಮೇಡಂ, ಬ್ಯಾಕ್‌ಗ್ರೌಂಡ್ ಕ್ಲೀನ್ ಇಲ್ಲ. ವೈರು, ಬಟ್ಟೆ, ಬೈಕು... ಕಣ್ಣು ಎಲ್ಲಿ ನಿಲ್ಬೇಕು?" ಎಂದ. ಆಮೇಲೆ ತನ್ನ ಚಿತ್ರವೊಂದನ್ನು ತೋರಿಸಿದ: ಒಂದು ಕೊಂಬೆ, ಒಂದು ಹಕ್ಕಿ, ಉಳಿದದ್ದು ಖಾಲಿ. ಖಾಲಿ ಜಾಗದಲ್ಲಿ ಬದುಕುವವರಿಗೆ ಅದು ಸುಲಭ ಎಂದು ಹೇಳಿ, ಅವರು ತರಿಸಿದ ಕಾಫಿ ಕುಡಿಯದೆ ಎದ್ದುಬಂದೆ.

ಇಷ್ಟಾದರೂ ಆಟಗಾರರೊಡನೆ ನನಗೆ ಮಾತುಕತೆ ಇರಲಿಲ್ಲ. ಅದಕ್ಕೆ ಕಾರಣ ಅವರಲ್ಲಿ ಒಬ್ಬ, ಶಾಲಾ ವ್ಯಾನ್ ಓಡಿಸುವಾತ. ಮೂರನೆಯ ಮಹಡಿಯ ಮಕ್ಕಳನ್ನು ರಸ್ತೆಯಿಂದಲೇ ಎಬ್ಬಿಸಿ ಕರೆಯುವುದು ಆತನ ಕಸುಬು. ಆ ಗಂಟಲಿಗೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ. ಹಿಂದೆ ಅಕ್ಕನ ಕೋಣೆಯ ಬೀದಿ ಕಿಟಕಿ ತೆರೆದೇ ಇರುತ್ತಿತ್ತು, ಸ್ನಾನವಾದ ಮೇಲೆ ಆಕೆ ಅಲ್ಲಿ ಕುಳಿತು ಆಟ ನೋಡುತ್ತಿದ್ದಳು. ಒಂದು ಬೆಳಗ್ಗೆ ಕಾಕ್ ಬಂದು ಕಿಟಕಿಯ ಅಂಚಿನ ಮೇಲೆ ಬಿತ್ತು. ಅಕ್ಕ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಗರಿಗಳನ್ನು ಸವರತೊಡಗಿದಳು. ಆತ ರಸ್ತೆಯ ನಡುವಿನಿಂದ, "ಏಯ್ ಲೂಸ್ ಅಜ್ಜಿ, ಕಾಕ್ ಬಿಸಾಕೇ ಇತ್ಲಾಗೆ!" ಎಂದು ಕೂಗಿದ. ಕೆಲವರು ನಕ್ಕರು. ಅಕ್ಕನೂ ನಕ್ಕಳು, ಎಲ್ಲರೂ ನಗುತ್ತಿದ್ದಾರಲ್ಲ ಎಂದು. ನಾನು ಒಳಗಿನಿಂದ ಬಂದು ಕಿಟಕಿ ಮುಚ್ಚಿದೆ. ಆ ಕಾಕ್ ನನ್ನ ಬೀರುವಿನ ಮೇಲಿನ ಅರೆಯಲ್ಲಿದೆ. ಕಿಟಕಿ ಮುಚ್ಚಿದ್ದು ಸರಿ ಎಂದು ಇಂದಿಗೂ ಯಾರೊಡನೆ ಬೇಕಾದರೂ ವಾದಿಸಬಲ್ಲೆ. ಆ ಬಳಿಕ ನಾನು ಗೇಟಿನ ಬಳಿ ನಿಂತು ಚಿತ್ರ ತೆಗೆಯುತ್ತಿದ್ದೆ, ಆತನದನ್ನೂ ತೆಗೆಯುತ್ತಿದ್ದೆ. ಹೊಡೆತ ಚೆನ್ನಾಗಿತ್ತು, ಅದನ್ನು ನಿರಾಕರಿಸುವುದು ನನ್ನ ಶಿಸ್ತಿಗೆ ಸಲ್ಲದು. ಮಾತನ್ನು ಮಾತ್ರ ಆಡಲಿಲ್ಲ.

ಹೀಗಿರಲು, ಎತ್ತಿದ ಬಲೆಯ ಒಂದು ಚಿತ್ರ ನನಗೇ ಮೆಚ್ಚಿಗೆಯಾಗುವಷ್ಟು ಚೆನ್ನಾಗಿ ಬಂತು. ಕಂಬ, ಹಗ್ಗ, ಬಿದಿರು, ಅದರಾಚೆ ಬೆಳಕಿನಲ್ಲಿ ಬರುತ್ತಿರುವ ಆಟೋ. ಅದನ್ನು ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಬೀದಿಯ ಕೊನೆಯಲ್ಲಿ ಹೊಸದಾಗಿ ನಾಲ್ಕಂತಸ್ತಿನ ಮನೆ ಕಟ್ಟಿಸಿ ಬಂದಿದ್ದ ಮಾಲೀಕರು "ಸೂಪರ್ ಮೇಡಂ" ಎಂದು ಬರೆದು, ಚಪ್ಪಾಳೆಯ ಚಿಹ್ನೆಗಳನ್ನು ಸಾಲಾಗಿ ಹಾಕಿದರು. ಅವರ ದೊಡ್ಡ ಕಾರು ಬೆಳಗ್ಗೆ ಹೊರಡುವಾಗ ಬಲೆ ಏಳುವವರೆಗೆ ಕಾಯಬೇಕಾಗುತ್ತಿತ್ತು ಎಂಬುದನ್ನು ನಾನಾಗ ಗಮನಕ್ಕೆ ತಂದುಕೊಳ್ಳಲಿಲ್ಲ.

ಕೆಲವು ದಿನಗಳಲ್ಲೇ ಏಣಿ ಹಿಡಿದು ಲೈನ್‌ಮನ್ ಬಂದರು. ವಿದ್ಯುತ್ ಕಂಬಕ್ಕೆ ಏನನ್ನೂ ಕಟ್ಟುವಂತಿಲ್ಲ, ಮತ್ತೆ ಕಟ್ಟಿದರೆ ದೂರು ದಾಖಲಾಗುತ್ತದೆ ಎಂದು ಹೇಳಿ ಹಗ್ಗ ಕತ್ತರಿಸಿದರು. ಯಾರು ಹೇಳಿದರೆಂದು ಟೈಲರ್ ಹೆಂಗಸು ಕೇಳಿದಾಗ ಮೊಬೈಲು ತೆಗೆದು ನನ್ನ ಚಿತ್ರವನ್ನೇ ತೋರಿಸಿದರು. "ನೋಡಿ ಬೇಕಾದ್ರೆ. ಕಂಬದ ನಂಬರು, ಹಗ್ಗದ ಗಂಟು, ಎಲ್ಲಾ ಎಷ್ಟು ಕ್ಲಿಯರ್ ಆಗಿ ಬಂದೈತೆ. ಯಾರೋ ಚೆನ್ನಾಗಿ ತೆಗ್ದವ್ರೆ."

ನನ್ನ ಚಿತ್ರದ ಸ್ಪಷ್ಟತೆಯನ್ನು ಮನಸಾರೆ ಹೊಗಳಿದವರು ಅವರೊಬ್ಬರೇ.

ಗೇಟಿನ ಒಳಗಿದ್ದ ನನಗೆ ಹೊರಗಿನ ಮಾತುಗಳೆಲ್ಲ ಕೇಳಿಸಿದವು. "ಫೋಟೋ ಆಂಟಿದೇ ಕೆಲ್ಸ ಮಗಾ." "ಸೈಲೆಂಟಾಗಿ ನಿಂತ್ಕೊಂಡು ಎವಿಡೆನ್ಸ್ ತೆಗೀತಾ ಇದ್ರು ನೋಡು ಇಷ್ಟು ದಿನ." ವ್ಯಾನಿನವನು ಬಲೆಯನ್ನು ಸುತ್ತಿ ಹೆಗಲಿಗೇರಿಸಿಕೊಂಡು, ನಮ್ಮ ಮನೆಯತ್ತ ತಿರುಗಿಯೂ ನೋಡದೆ ಹೋದ. ಮಾಡದ ದ್ರೋಹವೊಂದು ನನ್ನ ತಲೆಗೆ ಬಂತು. ಅದಕ್ಕಿಂತ ದೊಡ್ಡ ಸಂಗತಿ ಮಾರನೆಯ ಬೆಳಗ್ಗೆ ತಿಳಿಯಿತು: ನನ್ನ ಗಂಟೆ ಹೋಗಿತ್ತು.

ಬೇರೆ ಕಡೆ ಪ್ರಯತ್ನಿಸದೆ ಇರಲಿಲ್ಲ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅಂಗಡಿಗಳು ತೆರೆಯುವ ಮುನ್ನ ಕೇರಂ ಆಡುತ್ತಾರೆಂದು ಕೇಳಿ ಬಸ್ಸು ಹತ್ತಿದೆ. ಇಳಿದು ಗಲ್ಲಿ ಹುಡುಕುವಷ್ಟರಲ್ಲಿ ಹಿಂದಿರುಗುವ ಹೊತ್ತಾಗಿತ್ತು. ರಾಮಮೂರ್ತಿನಗರದ ಖಾಲಿ ನಿವೇಶನದಲ್ಲಿ ಕ್ರಿಕೆಟ್ ಆಡುತ್ತಾರೆಂದು ಸಹಾಯದ ಹೆಂಗಸು ಹೇಳಿದಳು. ಅಲ್ಲಿಗೆ ಹೋಗಿಬರುವುದೇ ಅರ್ಧ ದಿನದ ಕೆಲಸ. ಆಟವಿಲ್ಲದ ಬೀದಿಯಲ್ಲಿ ಕಾರುಗಳು ಸರಾಗವಾಗಿ ಓಡಾಡುತ್ತಿದ್ದವು, ಒಳಗೆ ಅಕ್ಕ ಗ್ಯಾಸಿನ ವಿಚಾರ ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಆಕೆಗೆ ಉತ್ತರಿಸುವಾಗ ನನ್ನ ದನಿ ಏರಿತು. ಆಕೆ ಬೆಚ್ಚಿ, ಪರಿಚಯವಿಲ್ಲದವರ ಮನೆಯಲ್ಲಿರುವ ಅತಿಥಿಯ ಹಾಗೆ, "ತಪ್ಪಾಯ್ತು, ಇನ್ನು ಕೇಳಲ್ಲ" ಎಂದಳು. ಸ್ವಲ್ಪ ಹೊತ್ತಿನಲ್ಲಿ ಮರೆತು ಮತ್ತೆ ಕೇಳಿದಳು ನಿಜ. ನಾನು ಮರೆಯಲಿಲ್ಲ. ಬೀದಿಯಲ್ಲಿ ಆಟ ಮತ್ತೆ ನಡೆಯಲೇಬೇಕೆಂದು ಅಂದು ತೀರ್ಮಾನಿಸಿದೆ.

ಮೊದಲು ಹೊಸ ಮನೆಯ ಮಾಲೀಕರ ಗೇಟಿಗೆ ಹೋದೆ. ಅವರು ಕಾರು ಒರೆಸುತ್ತಿದ್ದರು.

"ನನ್ನ ಫೋಟೋ ಕಳಿಸಿದ್ದು ನೀವೇನಾ?"

"ಹೌದು ಮೇಡಂ. ಕರೆಂಟ್ ಕಂಬ ಅಲ್ವಾ, ಸೇಫ್ಟಿ ವಿಷ್ಯ. ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ?"

"ನನ್ನ ಒಂದು ಮಾತು ಕೇಳಿದ್ರಾ?"

"ಗ್ರೂಪಲ್ಲಿ ಹಾಕಿದ್ಮೇಲೆ ಎಲ್ರದ್ದೂ ತಾನೆ ಮೇಡಂ. ಚಪ್ಪಾಳೆ ಬೇರೆ ಹಾಕಿದ್ನಲ್ಲ ನಾನು!"

"ಆ ಚಪ್ಪಾಳೆ ವಾಪಸ್ ತಗೊಳ್ಳಿ."

ಅವರು ನಿಜಕ್ಕೂ ಮೊಬೈಲು ತೆಗೆದು ಒತ್ತಿ ನೋಡಿದರು. "ತುಂಬಾ ದಿನ ಆಗೋಯ್ತು ಮೇಡಂ, ಈಗ ಡಿಲೀಟ್ ಆಗಲ್ಲ."

ಕಂಬದ ವಿಚಾರದಲ್ಲಿ ಅವರ ಮಾತು ನ್ಯಾಯವಾಗಿತ್ತು. ಮಳೆಗಾಲದಲ್ಲಿ ಒದ್ದೆ ಹಗ್ಗ, ಕಬ್ಬಿಣದ ಕಂಬ. ಅದನ್ನು ಅಲ್ಲಗಳೆಯುವುದು ನನ್ನಿಂದಾಗದು. ನ್ಯಾಯವಾದ ಮಾತನ್ನು ಅವರು ಕಾರಿನ ದಾರಿಗಾಗಿ ಬಳಸಿಕೊಂಡರು, ನನ್ನ ಚಿತ್ರವನ್ನು ಕತ್ತಿ ಮಾಡಿಕೊಂಡರು, ಅಷ್ಟನ್ನು ಮಾತ್ರ ನಾನು ಅವರ ಲೆಕ್ಕಕ್ಕೆ ಬರೆದುಕೊಂಡು ಹಿಂದಿರುಗಿದೆ. ಹೊರಡುವ ಮುನ್ನ, "ಕಂಬಕ್ಕೆ ಕಟ್ಟೋದಿಲ್ಲ. ಆದ್ರೆ ಬಲೆ ಕಟ್ತೀವಿ" ಎಂದೆ. ಎಲ್ಲಿಗೆ ಎಂದು ನನಗೂ ಆಗ ತಿಳಿದಿರಲಿಲ್ಲ.

ಅದನ್ನು ಹೇಳಿದ್ದು ಟೈಲರ್ ಹೆಂಗಸು. ಸಂಜೆ ಆಕೆ ನಮ್ಮ ಮನೆಗೆ ಬಂದಳು. ಹಿಂದೆಯೇ, ಚಪ್ಪಲಿ ಬಿಡಲೋ ಬೇಡವೋ ಎಂದು ಅನುಮಾನಿಸುತ್ತ, ವ್ಯಾನಿನವನು.

"ಅಕ್ಕಾ, ಆ ಮನೆಯವ್ರು ಫೋಟೋ ಕಳಿಸಿದ್ದಂತೆ, ನೀವಲ್ವಂತೆ. ಅವ್ರ ಡ್ರೈವರ್ರೇ ಅಂದ" ಎಂದಳು. "ನಾವು ಬಾಯಿಗೆ ಬಂದಂಗೆ ಮಾತಾಡ್ಬಿಟ್ವಿ. ಈಗ ಒಂದ್ ದಾರಿ ಐತೆ. ನಿಮ್ ಮುಂದಿನ ರೂಮಿನ ಕಿಟಕಿ ಕರೆಕ್ಟಾಗಿ ನಮ್ ಕಿಟಕಿ ಎದುರ್ಗೇ ಬರುತ್ತೆ. ಆ ಸರಳಿಗೆ ಕಟ್ಕೊಂಡ್ರೆ ಕಂಬದ ತಂಟೆನೇ ಬೇಡ."

"ನಾವೇ ಕಟ್ಟಿ, ನಾವೇ ಬಿಚ್ಕೊಂಡು ಹೋಗ್ತೀವಮ್ಮ," ವ್ಯಾನಿನವನು ಸೇರಿಸಿದ. "ಹೆಂಗಿದ್ರೂ ಆ ಕಿಟಕಿ ಮುಚ್ಚೇ ಇರುತ್ತಲ್ಲ."

"ಯಾಕೆ ಮುಚ್ಚಿದೆ ಅಂತ ಗೊತ್ತಾ ನಿಮಗೆ?"

ಆತ ಯೋಚಿಸಿದ. "ಸೊಳ್ಳೆಗಾ?"

ನಾನು ಆತನ ಮುಖವನ್ನೇ ನೋಡಿದೆ. ಅದರಲ್ಲಿ ಕಪಟವಿರಲಿಲ್ಲ. ಆ ಬೆಳಗಿನಿಂದ ಇಂದಿನವರೆಗೆ ನಾನು ಹೊತ್ತುಕೊಂಡು ಬಂದದ್ದನ್ನು ಆತ ರಸ್ತೆಯಲ್ಲೇ ಬಿಟ್ಟುಹೋಗಿದ್ದ. ಅನ್ನಿಸಿಕೊಂಡವಳೂ ಮರೆತಿದ್ದಳು, ಅಂದವನೂ ಮರೆತಿದ್ದ. ಹಾಗಾದರೆ ನೆನಪಿಟ್ಟುಕೊಳ್ಳುವ ಹೊಣೆ ಪೂರ್ತಿ ನನ್ನದೇ ಆಯಿತು. ನಾನು ಹೇಳಿದೆ: ಆತ ತೊಟ್ಟಿದ್ದ ಹಸಿರು ಅಂಗಿ, ನಿಂತಿದ್ದ ಜಾಗ, ಕೂಗಿದ ಮಾತು, ನಕ್ಕವರು, ಅಕ್ಕ ಅವರೊಡನೆ ನಕ್ಕದ್ದು.

"ಅಂದಿದ್ದೆ ಕಣೋ ನೀನು," ಟೈಲರ್ ಹೆಂಗಸು ತಗ್ಗಿದ ದನಿಯಲ್ಲಿ ಹೇಳಿದಳು. "ನಾನೂ ಅಲ್ಲೇ ಇದ್ದೆ."

"ಆಟದ ಜೋರಲ್ಲಿ ಬಾಯಿಗೆ ಏನೋ ಬಂದ್ಬಿಟ್ಟಿರುತ್ತೆ... ಸಾರಿ ಅಮ್ಮ."

"ನನಗ್ಯಾಕೆ ಸಾರಿ?"

"ಅವ್ರಿಗೇ ಹೇಳ್ತೀನಿ ಬಿಡಿ. ಈಗ್ಲೇ ಹೇಳ್ತೀನಿ."

"ಬೇಡ. ಯಾತಕ್ಕೆ ಸಾರಿ ಅಂತ ಅವಳಿಗೆ ತಿಳಿಯಲ್ಲ. ಕಿಟಕಿ ಅವಳದು. ಹಗ್ಗ ಕಟ್ಟಬೇಕಾದ್ರೆ ಅವಳನ್ನ ಕೇಳಿ. ನೀವೇ ಕೇಳಬೇಕು. ದಿನಾ."

"ದಿನಾನಾ? ಒಂದ್ಸಲ ಕೇಳಿದ್ರೆ ಸಾಲ್ದಾ?"

"ಇವತ್ತು ಕೇಳಿದ್ದು ನಾಳೆ ಅವಳಿಗೆ ನೆನಪಿರಲ್ಲ. ನಿಮ್ಮ ಹಾಗೇನೇ."

ಟೈಲರ್ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆತ ತಲೆ ಕೆರೆದುಕೊಂಡು, "ಅವ್ರು ಬೇಡ ಅಂದ್ರೆ?" ಎಂದ.

"ಬೇಡ ಅಂದ್ರೆ ಬೇಡ. ಅವತ್ತು ಆಟ ಇಲ್ಲ."

ಆ ಷರತ್ತು ಹೇಳುವಾಗ ಅದರ ಭಾರ ನನ್ನ ಮೇಲೂ ಬೀಳುತ್ತದೆಂದು ನನಗೆ ಗೊತ್ತಿತ್ತು. ಆಟವಿಲ್ಲದಿದ್ದರೆ ನನ್ನ ಗಂಟೆಯೂ ಇಲ್ಲ. ಆದರೂ ಹಿಂತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ಅಕ್ಕನಿಗೆ ಬೇಗನೆ ಸ್ನಾನವಾಯಿತು. ಬಹುಕಾಲ ಮುಚ್ಚಿದ್ದ ಕಿಟಕಿ ಬಣ್ಣಕ್ಕೆ ಅಂಟಿಕೊಂಡಿತ್ತು. ತೆಂಗಿನಕಾಯಿ ಒಡೆಯುವ ಕತ್ತಿಯ ಹಿಂಬದಿಯಿಂದ ತಟ್ಟಿ ತಟ್ಟಿ ತೆರೆದೆ. ಬೆಳಕು ಮುಖಕ್ಕೆ ಬಿದ್ದಾಗ ಅಕ್ಕ ಕಣ್ಣು ಕಿರಿದಾಗಿಸಿ, ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ವ್ಯಾನಿನವನು ಹಗ್ಗ ಹಿಡಿದು ಸರಳುಗಳ ಮುಂದೆ ಬಂದು ನಿಂತ. ಹಿಂದೆ ಎಲ್ಲರೂ.

"ಅಮ್ಮ, ನಿಮ್ ಕಿಟಕಿಗೆ ಹಗ್ಗ ಕಟ್ಕೋಬೋದಾ?"

ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಯಾರು ಮಾತಾಡ್ತಿರೋದು?"

"ನಾನಮ್ಮ, ವ್ಯಾನ್‌ನವ್ನು."

"ಎಲ್ಲಿಂದ?"

ಆತ ಗಾಬರಿಯಿಂದ ಹಿಂದೆ ಮುಂದೆ ನೋಡಿದ. "ಇಲ್ಲಿಂದ್ಲೇ... ಹಲಸೂರು."

"ಹಲಸೂರು." ಅಕ್ಕ ಸ್ಪಷ್ಟವಾಗಿ ಪುನರುಚ್ಚರಿಸಿದಳು. ವಿನಿಮಯ ಕೇಂದ್ರದ ದನಿ ಅದು. ನಾನು ಅದನ್ನು ಕೇಳಿ ಎಷ್ಟೋ ವರ್ಷಗಳಾಗಿದ್ದವು. "ಸ್ವಲ್ಪ ಇರಿ, ಲೈನ್ ಕೊಡ್ತೀನಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ವ್ಯಾನಿನವನು ಸರ್ರನೆ ತಿರುಗಿ, "ನಗ್ಬೇಡ ಮಗಾ, ಪರ್ಮಿಷನ್ ಕೇಳ್ತಾ ಇದೀನಿ" ಎಂದ. ಆಮೇಲೆ ಹಗ್ಗ ಕಟ್ಟಿದ. ಗಂಟನ್ನು ನಾನು ಪರೀಕ್ಷಿಸಿದೆ, ಬಿಗಿಯಾಗಿತ್ತು.

ಅಂದಿನಿಂದ ಹೀಗೆಯೇ ನಡೆದುಬಂದಿದೆ. ಹೆಚ್ಚಿನ ದಿನಗಳಲ್ಲಿ ಅಕ್ಕ ಒಪ್ಪುತ್ತಾಳೆ. ಕೆಲವು ದಿನ, "ಈಗ ಆಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಮಾಡಿ" ಎನ್ನುತ್ತಾಳೆ. ಆಗ ಬೀದಿಗೆ ಬೀದಿಯೇ ಕಟ್ಟೆಗಳ ಮೇಲೆ ಕುಳಿತು ಕಾಯುತ್ತದೆ. "ಗುರು, ನೀನು ಕೇಳಿದ್ ಸರಿ ಇಲ್ಲ, ಇನ್ನೊಂಚೂರು ನಯವಾಗಿ ಕೇಳು" ಎಂದು ಅವರವರಲ್ಲೇ ಛೇಡಿಸಿಕೊಳ್ಳುತ್ತಾರೆ. ಒಂದು ಬೆಳಗ್ಗೆ ಎಷ್ಟು ಕೇಳಿದರೂ ಅಕ್ಕ ಬಿಲ್‌ಕುಲ್ ಒಪ್ಪಲಿಲ್ಲ. ಟೈಲರ್ ಹೆಂಗಸು ನನ್ನತ್ತ ನೋಡಿದಳು, ನೀವೊಂದು ಮಾತು ಹೇಳಿ ಎಂಬಂತೆ. ಹಿಂದಿನ ದಿನವೇ ವೈದ್ಯೆ ನನ್ನ ಒತ್ತಡ ನೋಡಿ ಮುಖ ಸಿಂಡರಿಸಿದ್ದರು. ಆ ಗಂಟೆ ನನಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು. ನಾನು ಹೇಳಲಿಲ್ಲ. ಅವರು ಬಲೆ ಸುತ್ತಿಕೊಂಡು ಹೋದರು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ನಾನೂ ಒಳಗೆ ಬಂದೆ.

ಅಕ್ಕನ ಪ್ರಶ್ನೆ ನಿಂತಿತೆಂದು ಬರೆದರೆ ಸುಳ್ಳಾಗುತ್ತದೆ. ಈಗ ಅದನ್ನು ಕಿಟಕಿಯಿಂದ ಆಟಗಾರರನ್ನೂ ಕೇಳುತ್ತಾಳೆ. "ಗ್ಯಾಸ್ ಆಫ್ ಮಾಡಿದ್ರಾ?" ಎಂದು ಆಟದ ನಡುವೆ ಕೂಗಿದರೆ, ಕಾಕ್ ಗಾಳಿಯಲ್ಲಿರುವಾಗಲೇ ಎರಡೂ ಕಡೆಯವರು, "ಮಾಡಿದೀವಮ್ಮ!" ಎನ್ನುತ್ತಾರೆ. ಆ ಒಂದು ಗಂಟೆ ಉತ್ತರಿಸುವ ಕೆಲಸ ನನ್ನದಲ್ಲ. ಹೊಸ ಮನೆಯ ಮಾಲೀಕರ ಕಾರು ಬಲೆಯ ಮುಂದೆ ನಿಂತು ಹಾರ್ನ್ ಹೊಡೆದರೆ ಅಕ್ಕ ಕಿಟಕಿಯಿಂದ, "ಸ್ವಲ್ಪ ಇರಿ ಸರ್" ಎನ್ನುತ್ತಾಳೆ. ಅವರು ಇರುತ್ತಾರೆ. ಅವರ ಮುಖದ ಚಿತ್ರಗಳೂ ನನ್ನಲ್ಲಿವೆ, ಗುಂಪಿಗೆ ಹಾಕಿಲ್ಲ. ಬೀದಿಯ ಯಾವ ಚಿತ್ರವನ್ನೂ ಅಲ್ಲಿ ಮತ್ತೆ ಹಾಕಿಲ್ಲ.

ಈಗ ನಾನು ಅತಿ ಹೆಚ್ಚು ತೆಗೆಯುವುದು ಆಟ ಆರಂಭವಾಗುವುದಕ್ಕೆ ಮುಂಚಿನ ಚಿತ್ರವನ್ನು. ಕೈಯಲ್ಲಿ ಹಗ್ಗ, ಸರಳುಗಳ ಮಟ್ಟಕ್ಕೆ ಬಾಗಿದ ತಲೆ, ಆ ದೊಡ್ಡ ಗಂಟಲು ಮೆಲ್ಲಗೆ ಮಾತಾಡಲು ಪಡುವ ಪ್ರಯಾಸ. ಪ್ರತಿ ಬೆಳಗ್ಗೆ ಅದೇ ಕಿಟಕಿ, ಅದೇ ಪ್ರಶ್ನೆ. ಆದರೂ ಒಂದು ಚಿತ್ರದಂತೆ ಇನ್ನೊಂದಿಲ್ಲ. ಹಿನ್ನೆಲೆಯಲ್ಲಿ ತಂತಿ, ಬಟ್ಟೆ, ಬೈಕು ಎಲ್ಲ ಇವೆ. ಕಣ್ಣು ಎಲ್ಲಿ ನಿಲ್ಲಬೇಕೆಂದು ಯಾರೂ ಕೇಳಬೇಕಾಗಿಲ್ಲ.

ಆತನನ್ನು ಕ್ಷಮಿಸಿದಿರಾ ಎಂದು ಟೈಲರ್ ಹೆಂಗಸು ಒಮ್ಮೆ ಕೇಳಿದಳು. ಇಲ್ಲ ಎಂದೆ. ಆಟ ನಡೆಯುವುದಕ್ಕೆ ಕ್ಷಮೆಯ ಅಗತ್ಯ ಬಿದ್ದಿಲ್ಲ. ಆತ ಕೇಳುತ್ತಾನೆ, ಅಕ್ಕ ಕೊಡುತ್ತಾಳೆ, ನಾನು ತೆಗೆಯುತ್ತೇನೆ. ಅಂದು ಅಕ್ಕ ಮಡಿಲಲ್ಲಿಟ್ಟು ಸವರಿದ ಕಾಕ್ ಇನ್ನೂ ಬೀರುವಿನ ಮೇಲಿನ ಅರೆಯಲ್ಲೇ ಇದೆ, ಒಂದು ಗರಿಯೂ ಮುರಿಯದೆ. ಆತ ಈವರೆಗೆ ಕೇಳಿರುವುದು ಹಗ್ಗ ಕಟ್ಟಲು ಮಾತ್ರ. ಆ ಕಾಕನ್ನೂ ಕೇಳಲಿ, ಆಕೆಯನ್ನೇ ಕೇಳಲಿ. ಆಮೇಲೆ ಬೀರು ತೆರೆಯುವ ವಿಚಾರ.